ಹಳೇ ಮನೆ ಕೆಡವುವ ಮುಂಚೆ ಬಾವಲಿ ಸರ್ವೆ: ಸಂಜೆ ಬಂದು ನಿಲ್ಲುವವರನ್ನೇ ಕರೆಸಿ

ಬಸವನಗುಡಿಯಲ್ಲಿರುವ ನಮ್ಮ ತಾತನ ಮನೆ ಕೆಡವಿ ಹೊಸದು ಕಟ್ಟಬೇಕಿತ್ತು. ಮಂಗಳೂರು ಹೆಂಚಿನ ಮನೆ, ಹಿತ್ತಲಲ್ಲಿ ಎರಡು ಅಶೋಕ ಮರ. ಅಟ್ಟದ ಮೂಲೆಯಲ್ಲಿ ಕಪ್ಪು ಹಿಕ್ಕೆ ಬಿದ್ದಿತ್ತು. ಇಲಿ ಅಂದರು ಮೇಸ್ತ್ರಿ. ಮೊದಲು ಕರೆಸಿದ ಪೆಸ್ಟ್ ಕಂಟ್ರೋಲ್‌ನವರು ಮಟಮಟ ಮಧ್ಯಾಹ್ನ ಬಂದು, ಟಾರ್ಚ್ ಬಿಟ್ಟು ನೋಡಿ, ಹತ್ತೇ ನಿಮಿಷದಲ್ಲಿ "ಬಾವಲಿ ಸಾರ್, ಸಂದಿಗೆ ಸಿಮೆಂಟ್ ಹಾಕಿಬಿಡೋಣ" ಅಂದರು. ಒಳಗಿರುವುದು ಒಳಗೇ ಸಾಯುತ್ತಲ್ವಾ ಅಂದೆ. ಉತ್ತರ ಬರಲಿಲ್ಲ. ಅವರನ್ನು ಕಳಿಸಿ, ಪರಿಚಯದವರನ್ನು ಕೇಳಿ, ಬಾವಲಿ ಸರ್ವೆ ಮಾಡುವ ಮೂರು ಜನರ ಚಿಕ್ಕ ತಂಡವನ್ನು ಕರೆಸಿದೆ. ಈ ರಿವ್ಯೂ ಅವರದ್ದು.

ಬಂದ ಮೇಡಂ ಮೊದಲು ಗ್ಲೌಸ್, ಮಾಸ್ಕ್ ಹಾಕಿಕೊಂಡರು. ಒಂದು ಹಿಕ್ಕೆ ಎತ್ತಿ ಬೆರಳಲ್ಲಿ ಉಜ್ಜಿದರು. ಪುಡಿಪುಡಿಯಾಯಿತು, ಪುಡಿಯಲ್ಲಿ ಏನೋ ಮಿನುಗುತ್ತಿತ್ತು. ಹುಳದ ರೆಕ್ಕೆ ಚೂರು ಅದು. ಇಲಿ ಹಿಕ್ಕೆ ಗಟ್ಟಿ, ಹೀಗೆ ಉದುರುವುದಿಲ್ಲ ಅಂದರು. ಆಮೇಲೆ ಗೋಡೆಗೂ ತೊಲೆಗೂ ನಡುವೆ ಒಂದು ಸಂದಿ ತೋರಿಸಿದರು, ನನ್ನ ಹೆಬ್ಬೆರಳು ಹೋಗುವಷ್ಟು ಅಗಲ, ಅಂಚಿಗೆ ಎಣ್ಣೆ ಜಿಡ್ಡಿನಂಥ ಕಲೆ. ಹುಳ ತಿನ್ನುವ ಪಿಪಿಸ್ಟ್ರೆಲ್ ಬಾವಲಿಗೆ ಅಷ್ಟು ಜಾಗ ಸಾಕಂತೆ. ಒಂದೊಂದು ಹತ್ತು ಗ್ರಾಂ ಕೂಡ ತೂಗುವುದಿಲ್ಲ.

ಆದರೆ ಹಗಲಲ್ಲಿ ನೋಡಿದ್ದಕ್ಕೆ ಅವರು ಏನೂ ಬರೆದುಕೊಡಲಿಲ್ಲ. ನನಗೆ ಇಷ್ಟವಾಗಿದ್ದೇ ಇದು. ಸೂರ್ಯ ಮುಳುಗುವ ಮುಂಚೆ ಮನೆಯ ಮೂರು ಕಡೆ ಕುರ್ಚಿ ಹಾಕಿಕೊಂಡು ಕೂತರು. ನನ್ನ ಕೈಗೂ ಒಂದು ಡಿಟೆಕ್ಟರ್ ಕೊಟ್ಟರು, ನಮ್ಮ ಕಿವಿಗೆ ಕೇಳದ ಬಾವಲಿ ಕೂಗನ್ನು ಕೇಳುವ ಹಾಗೆ ಮಾಡುವ ಯಂತ್ರ. 6:50ಕ್ಕೆ ಸಂದಿಯಿಂದ ಮೊದಲನೆಯದು ಕಲ್ಲು ಬಿದ್ದ ಹಾಗೆ ಕೆಳಗೆ ಜಾರಿ, ನೆಲದಿಂದ ಒಂದಾಳು ಎತ್ತರದಲ್ಲಿ ತಿರುಗಿ ಹಾರಿತು. ಡಿಟೆಕ್ಟರ್‌ನಲ್ಲಿ ಟಪ್ ಟಪ್ ಟಪ್. ಹುಳದ ಹತ್ತಿರ ಹೋದಾಗ ಅದೇ ಸದ್ದು ಒಂದಕ್ಕೊಂದು ಅಂಟಿಕೊಂಡು ಝರ್ ಅಂತ ಎಳೆಯಿತು. ಒಟ್ಟು 23 ಹೊರಬಂದವು. ನಾನು ಹುಟ್ಟಿ ಬೆಳೆದ ಮನೆ, ಇಷ್ಟು ವರ್ಷದಲ್ಲಿ ಒಂದು ಸಲವೂ ನೋಡಿರಲಿಲ್ಲ.

ಮರುದಿನ ತಂತಿಯ ತುದಿಗಿರುವ ಕ್ಯಾಮೆರಾ ಸಂದಿಗೆ ಬಿಟ್ಟಾಗ ಇನ್ನೂ ಹಾರಲು ಬಾರದ ಮರಿಗಳು ಕಂಡವು. ಕೆಲಸ ಒಂದು ತಿಂಗಳ ಮೇಲೆ ಮುಂದೆ ಹೋಯಿತು. ಕಂಟ್ರಾಕ್ಟರ್ ಕೂಗಾಡಿದರು, ಬಾಡಿಗೆ ಮನೆಗೆ ಒಂದು ತಿಂಗಳು ಜಾಸ್ತಿ ಕೊಟ್ಟೆವು. ಅದಕ್ಕೇ ಹೇಳುತ್ತಿದ್ದೇನೆ, ಕೆಡವುವ ದಿನ ಗೊತ್ತು ಮಾಡುವ ಮುಂಚೆಯೇ ನೋಡಿಸಿ.

ಮರಗಳನ್ನೂ ಬಿಡಲಿಲ್ಲ. ಒಂದು ಅಶೋಕದ ಜೋಲು ಎಲೆಗಳ ಒಳಗೆ ಹಣ್ಣು ತಿನ್ನುವ ಸಣ್ಣ ಬಾವಲಿಗಳಿದ್ದವು. ಗಂಡು ಬಾವಲಿ ಎಲೆ, ಕಡ್ಡಿ ಕಚ್ಚಿ ಗೂಡಾರದ ಥರ ಮಾಡಿಕೊಳ್ಳುತ್ತದಂತೆ. ಕಹಳೆ ಬಂಡೆ ಪಾರ್ಕಿನಲ್ಲಿ ಮರದ ತುಂಬಾ ನೇತಾಡುವ ದೊಡ್ಡವನ್ನಷ್ಟೇ ನೋಡಿದ್ದ ನನಗೆ ಇದು ಹೊಸದು. ಆ ಮರ ಉಳಿಸಿ ಪ್ಲಾನ್ ಬದಲಾಯಿಸಿದೆವು.

ಬ್ರಿಟನ್ನಿನಲ್ಲಿ 1981ರ ವನ್ಯಜೀವಿ ಕಾಯ್ದೆ ಬಾವಲಿಯ ಜೊತೆ ಅದು ತಂಗುವ ಜಾಗವನ್ನೂ ಕಾಯುತ್ತದೆ. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹಣ್ಣು ತಿನ್ನುವ ಬಾವಲಿ ಕಾಗೆ, ಇಲಿಗಳ ಜೊತೆ ಪೀಡೆ ಪಟ್ಟಿಯಲ್ಲಿತ್ತು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯೇ ಹೋಯಿತು. ಆದರೂ ನಮ್ಮ ಮನೆ ಕೆಲಸದಲ್ಲಿ ಬಾವಲಿ ಇದೆಯಾ ಅಂತ ಒಬ್ಬರೂ ಕೇಳಲಿಲ್ಲ.

ಬೇಜಾರಾಗಿದ್ದು ಎರಡು. ರಿಪೋರ್ಟ್ ಒಂಬತ್ತು ದಿನ ತಡ, ಅದೂ ಬರೀ ಇಂಗ್ಲಿಷಿನಲ್ಲಿ. ಓದಬೇಕಾದವರು ಮೇಸ್ತ್ರಿ, ಅವರಿಗೆ ನಾನೇ ಕೂತು ಕನ್ನಡದಲ್ಲಿ ಹೇಳಬೇಕಾಯಿತು. ಎರಡನೇ ಸಂಜೆಗೆ ಬೇರೆ ದುಡ್ಡು ಅನ್ನುವುದನ್ನೂ ಮೊದಲೇ ಹೇಳಲಿಲ್ಲ, ನೀವು ಕೇಳಿಕೊಳ್ಳಿ.

ಮರಿಗಳು ಹಾರುವುದು ಖಾತ್ರಿಯಾದ ಮೇಲೆ ಸಂದಿಯ ಮೇಲೆ ಬಲೆ ಇಳಿಬಿಟ್ಟರು. ಕೆಳಗಡೆ ತೆರೆದಿತ್ತು, ಹೊರಗೆ ಬರಬಹುದು, ವಾಪಸ್ ಹೋಗಲಾಗದು. ಏಳನೇ ಸಂಜೆ ಮೇಸ್ತ್ರಿಯೂ ನಮ್ಮ ಜೊತೆ ನಿಂತರು. ಏಳೂವರೆವರೆಗೂ ಒಂದೂ ಹೊರಬರಲಿಲ್ಲ. ಬೆಳಗ್ಗೆ ಹೆಂಚು ಇಳಿಸಲು ಶುರು ಮಾಡಿದರು.