ಮುದ್ರಾ ಸಾಲ: ಮಗ್ಗಕ್ಕೆ ನಿಧಾನ, ಬಂಗಾರಕ್ಕೆ ಅವಸರ

ಬನಹಟ್ಟಿಯಲ್ಲಿ ನನ್ನದು ಸಣ್ಣ ಪವರ್‌ಲೂಮ್ ಶೆಡ್ಡು. ಸೀರೆ ನೇಯುತ್ತೇವೆ. ಇನ್ನೆರಡು ಮಗ್ಗ ಹಾಕೋಣ ಅಂತ ಇಲ್ಲಿನ ಒಂದು ಬ್ಯಾಂಕ್ ಶಾಖೆಯಲ್ಲಿ ಮುದ್ರಾ ಸಾಲ ತೆಗೆದುಕೊಂಡೆ. ಶಾಖೆಯ ಹೆಸರು ಬೇಡ, ದಿನಾ ಮುಖ ನೋಡಬೇಕಲ್ಲ.

ಒಳ್ಳೆಯದು ಮೊದಲು. ಕಿಶೋರ್ ವಿಭಾಗದಲ್ಲಿ 50 ಸಾವಿರ ದಾಟಿ 5 ಲಕ್ಷದವರೆಗೆ ಸಿಗುತ್ತದೆ, ಮನೆ-ಹೊಲ ಅಡ ಇಡಬೇಕಿಲ್ಲ. ಫೀಲ್ಡ್ ಆಫೀಸರ್ ಶೆಡ್ಡಿಗೇ ಬಂದು ನೋಡಿದರು. ಚಹಾ ಕುಡಿಯುವಾಗ ಕೇಳಿದೆ: "ನನಗ ಕೊಡಾಕ ಯಾರ ಠೇವಣಿ ತಗೀತೀರಿ ಸಾಹೇಬ್ರ?"

"ಯಾರದೂ ತಗ್ಯಾಂಗಿಲ್ರಿ ಅಣ್ಣಾರ. ಒಂದು ಕಡೆ ಸಾಲ ಅಂತ ಬರಿತೀವಿ, ಇನ್ನೊಂದು ಕಡೆ ಜಮಾ ಅಂತ ಬರಿತೀವಿ. ಅಷ್ಟ."

ಸುಮ್ನೆ ಹೇಳಿದ್ದಲ್ಲ. 2014ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ಕೂಡ ಇದನ್ನೇ ಬರೆದಿದೆ. ಬ್ಯಾಂಕು ಸಾಲ ಕೊಟ್ಟಾಗ ಹೊಸ ರೊಕ್ಕ ಹುಟ್ಟುತ್ತದೆ, ಅಸಲು ಕಟ್ಟಿದಾಗ ಅಳಿಯುತ್ತದೆ. ಹಾಗಂತ ಬೇಕಾದಷ್ಟು ಹುಟ್ಟಿಸೋಕೂ ಆಗಲ್ಲ. ಬ್ಯಾಂಕಿಗೆ ಬಂಡವಾಳ ಬೇಕು, ರಿಸರ್ವ್ ಬ್ಯಾಂಕಿನ ನಿಯಮ ಇದೆ, ಕೊಟ್ಟ ಸಾಲ ತಿರುಗಿ ಬರಬೇಕು.

ನನ್ನ ಹೆಸರಲ್ಲಿ ಹುಟ್ಟಿದ ರೊಕ್ಕ ಇಚಲಕರಂಜಿಯ ಮಗ್ಗದ ವ್ಯಾಪಾರಿಯ ಖಾತೆಗೆ ಹೋಯಿತು, ಸ್ವಲ್ಪ ನೂಲಿಗೆ. ಈಗ ಶೆಡ್ಡಿನಿಂದ ಸೀರೆ ಜಾಸ್ತಿ ಹೊರಡುತ್ತಿವೆ. ಕಂಡಿಕೆ ಸುತ್ತಲು ಹೊಸದಾಗಿ ಇಬ್ಬರು ಅಕ್ಕಂದಿರು ಬರುತ್ತಾರೆ, ಶನಿವಾರ ಅವರಿಗೆ ಬಟವಾಡೆ.

ಬೇಜಾರು ಬೇರೆಯೇ ಇದೆ. ನನ್ನ ಫೈಲು ವಾರಗಟ್ಟಲೆ ಮೇಜಿನ ಮೇಲೆ ಬಿದ್ದಿತ್ತು. ಅದೇ ಶಾಖೆಯಲ್ಲಿ ಬಂಗಾರದ ಸಾಲ ಊಟದ ಹೊತ್ತಿಗೆ ಮುಗಿದು ಹೋಗುತ್ತದೆ. ಒಬ್ಬರು ಪಾಟಲಿ ತೂಗಿಸುತ್ತಾ, ಜಮಖಂಡಿ ರಸ್ತೆಯ ಪ್ಲಾಟಿಗೆ ಅಡ್ವಾನ್ಸ್ ಕೊಡಬೇಕು ಅಂದರು. ಅದೂ ಹೊಸ ರೊಕ್ಕವೇ, ಅಲ್ವಾ? ಆದರೆ ಪ್ಲಾಟು ಮೊದಲಿದ್ದಷ್ಟೇ ಅಗಲ. ಇಂಥ ರೊಕ್ಕ ಜಾಸ್ತಿಯಾದಂತೆ ಏರುವುದು ರೇಟು ಮಾತ್ರ. (ಬಂಗಾರ ಇಟ್ಟು ಬೀಜ, ನೂಲು ತರುವವರೂ ಇದ್ದಾರೆ, ಅವರ ಮಾತು ಬೇರೆ.)

ಬ್ಯಾಂಕಿನವರ ಲೆಕ್ಕವೂ ಅರ್ಥವಾಗುತ್ತೆ. ಬಂಗಾರ ಅವರ ತಿಜೋರಿಯಲ್ಲೇ ಇರುತ್ತದೆ. ನನ್ನ ಸೀರೆ ಹಬ್ಬಕ್ಕೆ ಖಾಲಿಯಾಗುತ್ತೋ ಗಂಟು ಕಟ್ಟಿಕೊಂಡು ಕೂರುತ್ತೋ ಯಾರಿಗೆ ಗೊತ್ತು? ಆದರೆ ಮುದ್ರಾ ಸಾಲಕ್ಕೆ ಸರ್ಕಾರದ ಗ್ಯಾರಂಟಿ ನಿಧಿ ಇರುವಾಗ ಇಷ್ಟು ಅಂಜಿಕೆ ಯಾಕೆ?

ಐದಕ್ಕೆ ಮೂರು ಸ್ಟಾರ್. ಒಂದು ಕಡಿಮೆ ಮಾಡಿದ್ದು ತಡಕ್ಕೆ, ಇನ್ನೊಂದು ಸಾಲದ ಜೊತೆ ಬೇಡದ ವಿಮೆ ತುರುಕಿದ್ದಕ್ಕೆ. ಹೋಗುವವರು ಮಗ್ಗದ ಕೊಟೇಶನ್ನಿನಲ್ಲಿ ಜಿಎಸ್‌ಟಿ ನಂಬರ್ ಇದೆಯಾ ನೋಡಿಕೊಂಡು ಹೋಗಿ. ಉದ್ಯಮ್ ಸರ್ಟಿಫಿಕೇಟಿನ ಜೆರಾಕ್ಸ್ ಎರಡು ಇರಲಿ.