ವಿಚ್ಛೇದನಕ್ಕೆ ವಕೀಲರನ್ನು ಹಿಡಿಯುವ ಮೂರು ದಾರಿ: ಮೂರನ್ನೂ ನೋಡಿದ ಮೇಲೆ

ನನ್ನ ವಿಚ್ಛೇದನದ ಕೇಸು ಮೂರು ಕಡೆ ಕೈ ಬದಲಾಯಿಸಿ ಮುಗಿಯಿತು. ಮೊದಲು ಅಪ್ಪನಿಗೆ ಪರಿಚಯದ ವಕೀಲರು. ಆಮೇಲೆ ತುಂಬಾ ಜೂನಿಯರ್‌ಗಳಿದ್ದ ದೊಡ್ಡ ಆಫೀಸು. ಕೊನೆಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಸಿಕ್ಕ ಉಚಿತ ವಕೀಲರು. ಈಗ ಯಾರಾದರೂ ಗೆಳತಿ ಫೋನ್ ಮಾಡಿ "ಒಳ್ಳೆ ವಕೀಲರು ಯಾರಾದ್ರೂ ಗೊತ್ತಾ" ಅಂದರೆ ನಾನು ಹೆಸರು ಹೇಳುವುದಿಲ್ಲ. ನಿನ್ನ ಕಾಗದಗಳನ್ನು ಕೂತು ಓದುವವರು ಯಾರು, ವಾಯಿದೆಯ ದಿನ ನಿನ್ನ ಜೊತೆ ನಿಲ್ಲುವವರು ಯಾರು, ಮೊದಲು ಅದನ್ನು ಕೇಳು ಅನ್ನುತ್ತೇನೆ. ಇದು ನನಗೆ ತಡವಾಗಿ ಗೊತ್ತಾಯಿತು.

ಪರಿಚಯದವರು

ಅವರು ಕೆಟ್ಟವರಲ್ಲ, ಅದನ್ನು ಮೊದಲೇ ಹೇಳುತ್ತೇನೆ. ಪಹಣಿ, ಪೋಡಿ, ಪಾಲು ವಿಭಾಗ ಅಂದರೆ ಅವರ ಹತ್ತಿರವೇ ಹೋಗಬೇಕು. ನಮ್ಮ ಜಮೀನಿನ ಕೇಸನ್ನು ಅವರೇ ಗೆದ್ದುಕೊಟ್ಟಿದ್ದು. ಆದರೆ ನನ್ನ ಮದುವೆಗೆ ಬಂದು ಅಕ್ಷತೆ ಹಾಕಿದವರ ಮುಂದೆ ಕೂತು ಆ ಮದುವೆಯೊಳಗೆ ಏನೇನಾಯಿತು ಅಂತ ಹೇಳುವುದು ಎಷ್ಟು ಕಷ್ಟ ಅಂತ ಅಲ್ಲಿಗೆ ಹೋಗಿ ಕೂತಾಗಲೇ ತಿಳಿದಿದ್ದು. ಅರ್ಧ ಹೇಳಿದೆ, ಅರ್ಧ ನುಂಗಿಕೊಂಡೆ. ಹೇಳಿದ ಅರ್ಧವೂ ಸಂಜೆಯೊಳಗೆ ಅಪ್ಪನಿಗೆ ತಲುಪಿತ್ತು. ಅವರ ಲೆಕ್ಕದಲ್ಲಿ ಕಕ್ಷಿದಾರರು ಅಪ್ಪ, ನಾನಲ್ಲ.

ಹಿಂದೂ ವಿವಾಹ ಕಾಯ್ದೆಯ 13ನೇ ಸೆಕ್ಷನ್ನಿನಡಿ, ಕ್ರೌರ್ಯದ ಕಾರಣ ಕೊಟ್ಟು ಅರ್ಜಿ ಹಾಕಿದರು. ಮಧ್ಯಂತರ ಜೀವನಾಂಶದ, ಅಂದರೆ ಕೇಸು ಮುಗಿಯುವವರೆಗೆ ಗಂಡ ಕೊಡಬೇಕಾದ ಖರ್ಚಿನ ಹಣದ ಬಗ್ಗೆ ಕೇಳಿದಾಗ "ಅದೆಲ್ಲ ಆಮೇಲೆ ನೋಡೋಣಮ್ಮ, ಮೊದಲು ಹುಡುಗ ಹಾಜರಾಗಲಿ" ಅಂದರು. ನಾನು ತಲೆಯಾಡಿಸಿದೆ. ಹಾಗೇ ಏಳು ತಿಂಗಳು ಕಳೆಯಿತು.

ಆ ಏಳು ತಿಂಗಳ ಬೆಲೆ ಏನು ಅಂತ ಆಮೇಲೆ ಗೊತ್ತಾಯಿತು. ರಜನೇಶ್ ವರ್ಸಸ್ ನೇಹಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2020ರ ನವೆಂಬರ್ 4ರಂದು ಒಂದು ತೀರ್ಪು ಕೊಟ್ಟಿದೆ. ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದ ಲೆಕ್ಕ ಹಾಕಬೇಕು ಅನ್ನುವುದು ಆ ತೀರ್ಪು. ಆದೇಶ ಎಷ್ಟೇ ತಡವಾಗಿ ಬಂದರೂ ಹಣ ಅರ್ಜಿಯ ತಾರೀಖಿನಿಂದ ಸಿಗುತ್ತದೆ. ನಮ್ಮಂಥವರಿಗೆ ಇದು ದೊಡ್ಡ ಆಸರೆ. ಆದರೆ ಅರ್ಜಿಯನ್ನೇ ಹಾಕದಿದ್ದರೆ? ಆ ತಿಂಗಳುಗಳು ಹೋದ ಹಾಗೆಯೇ. ಸಿವಿಲ್ ಕೇಸಿನಲ್ಲಿ ಪಳಗಿದವರಿಗೆ ನಾಲ್ಕು ವಾಯಿದೆ ಆಚೀಚೆ ಆದರೆ ಏನೂ ಅನಿಸುವುದಿಲ್ಲ. ಜಮೀನು ಎಲ್ಲಿಗೂ ಓಡಿಹೋಗುವುದಿಲ್ಲ. ಮಗುವಿನ ಫೀಸು ಕಾಯುವುದಿಲ್ಲ, ಅಲ್ವಾ?

ದೊಡ್ಡ ಆಫೀಸು

ಇಲ್ಲಿ ಮೊದಲ ವಾರದಲ್ಲೇ ಮಧ್ಯಂತರ ಜೀವನಾಂಶ ಕೇಳುವ 24ನೇ ಸೆಕ್ಷನ್ ಅರ್ಜಿ ತಯಾರಾಯಿತು. ಆಸ್ತಿ ಮತ್ತು ಸಾಲದ ಅಫಿಡವಿಟ್‌ಗೆ ಯಾವ ಯಾವ ಕಾಗದ ಬೇಕು ಅಂತ ಪಟ್ಟಿ ಕೊಟ್ಟರು. ಅದೇ 2020ರ ತೀರ್ಪಿನಿಂದ ಇಬ್ಬರೂ ಈ ಅಫಿಡವಿಟ್ ಕೊಡಲೇಬೇಕು. ಎದುರು ಪಕ್ಷದವರು ಸಂಬಳದ ಚೀಟಿ ಕೊಡಲು ಸತಾಯಿಸಿದಾಗ ಅದನ್ನು ತರಿಸಲು ಬೇರೆ ಅರ್ಜಿ ಹಾಕಿದ್ದೂ ಇವರೇ. ಕಾಗದದ ಕೆಲಸದಲ್ಲಿ ಮೂವರಲ್ಲಿ ಇವರೇ ಚುರುಕು. ಗಂಡನ ಬಿಸಿನೆಸ್ ಲೆಕ್ಕ ಗೋಜಲಾಗಿದ್ದರೆ, ಆತ ವಿದೇಶದಲ್ಲಿದ್ದರೆ, ಎರಡು ಮೂರು ಕೋರ್ಟಿನಲ್ಲಿ ಒಟ್ಟಿಗೆ ಕೇಸು ನಡೆಯುತ್ತಿದ್ದರೆ ಇಂಥ ಆಫೀಸು ಬೇಕಾಗುತ್ತದೆ.

ಆದರೆ ನನಗೆ ಆಗಿದ್ದು ಇದು. ತಿದ್ದುಪಡಿ ಮಾಡಿದ ಅರ್ಜಿಯ ಕರಡು ವಾಯಿದೆಯ ಹಿಂದಿನ ಸಂಜೆ ಮೊಬೈಲಿಗೆ ಬಂತು. ಬೆಳಿಗ್ಗೆ ಸಹಿ ಹಾಕಿದರೆ ಸಾಕು ಅಂದರು. ಮಗಳನ್ನು ಮಲಗಿಸಿ ಓದುತ್ತಾ ಕೂತೆ. ಏಳನೇ ಪುಟದಲ್ಲಿ "ಅರ್ಜಿದಾರಳ ಮಗನ ವಿದ್ಯಾಭ್ಯಾಸ" ಅಂತಿತ್ತು. ನನಗಿರುವುದು ಒಬ್ಬಳೇ ಮಗಳು. ಎದೆ ಧಸಕ್ಕೆಂದಿತು. ಮತ್ತೆ ಮೊದಲಿಂದ ಓದಿದೆ. ಒಂಬತ್ತನೇ ಪುಟದಲ್ಲಿ ಗಂಡನ ಮನೆಯವರು ಕಾರು ಕೇಳಿದರು ಅಂತ ಬರೆದಿತ್ತು. ಅವರು ಬೇರೆ ಏನೇನೋ ಮಾಡಿದ್ದಾರೆ, ಕಾರು ಮಾತ್ರ ಕೇಳಿರಲಿಲ್ಲ. ಬೇರೆ ಯಾರದೋ ಅರ್ಜಿಯ ಮೇಲೆ ನನ್ನ ಹೆಸರು ಹಾಕಿದ್ದರು.

ಜೂನಿಯರ್ "ಟೈಪಿಂಗ್ ಮಿಸ್ಟೇಕ್ ಮೇಡಂ" ಅಂದರು. ಮಗ ಅಂತ ಬಿದ್ದಿದ್ದು ಟೈಪಿಂಗ್ ತಪ್ಪು ಅಂತಲೇ ಇಟ್ಟುಕೊಳ್ಳೋಣ. ಕಾರಿನ ಮಾತು ಹಾಗಲ್ಲ. ಅರ್ಜಿಯ ಕೊನೆಯಲ್ಲಿ "ಮೇಲಿನದ್ದೆಲ್ಲ ನಿಜ" ಅಂತ ಸಹಿ ಹಾಕುವವಳು ನಾನು. ಪಾಟಿ ಸವಾಲಿನಲ್ಲಿ "ಯಾವ ಕಾರು, ಯಾವಾಗ ಕೇಳಿದರು" ಅಂದರೆ ಉತ್ತರ ಕೊಡಬೇಕಾದವಳೂ ನಾನೇ. ಒಂದು ಸುಳ್ಳು ಸಿಕ್ಕಿಬಿದ್ದರೆ ನಾನು ನಿಜವಾಗಿ ಅನುಭವಿಸಿದ್ದನ್ನೂ ಯಾರೂ ನಂಬುವುದಿಲ್ಲ. ಆ ಎರಡು ಪ್ಯಾರಾ ತೆಗೆಸಿದೆ. ಅದಕ್ಕೇ ಒಂದು ವಾಯಿದೆ ಹೋಯಿತು.

ಫೀಸು ವಾಯಿದೆಗೆ ಇಷ್ಟು ಅಂತ ಗೊತ್ತುಮಾಡಿದ್ದರು. ಎದುರಿನವರು ಸಮಯ ಕೇಳಿ ಕೇಸು ಮುಂದೆ ಹೋದರೂ ಕೊಡಲೇಬೇಕು. ಒಂಬತ್ತು ವಾಯಿದೆಗೆ ಐದು ಬೇರೆ ಬೇರೆ ಮುಖ ಬಂದವು. ಪ್ರತಿ ಸಲವೂ ಕೋರ್ಟಿನ ಪಡಸಾಲೆಯಲ್ಲಿ ನನ್ನ ಕಥೆಯನ್ನು ಹೊಸದಾಗಿ ಹೇಳಬೇಕಿತ್ತು. ಯಾರ ಹೆಸರು ನೋಡಿ ವಕಾಲತ್ತಿಗೆ (ನನ್ನ ಪರ ಕೇಸು ನಡೆಸಲು ಕೊಡುವ ಒಪ್ಪಿಗೆ ಪತ್ರಕ್ಕೆ) ಸಹಿ ಹಾಕಿದ್ದೆನೋ ಅವರು ಒಂದು ದಿನವೂ ಬರಲಿಲ್ಲ.

ಉಚಿತ ವಕೀಲರು

ಕೈಯಲ್ಲಿದ್ದ ಹಣ ಖಾಲಿಯಾದ ಮೇಲೆ ಇಲ್ಲಿಗೆ ಬಂದೆ. ಬರಲು ನಾಚಿಕೆಯಾಗಿತ್ತು. ನನಗೆ ಕೆಲಸವಿದೆ, ಸಂಬಳವಿದೆ, ಇದು ಬಡವರಿಗೆ ಅಲ್ವಾ ಅಂದುಕೊಂಡಿದ್ದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ಹಾಗೆ ಹೇಳುವುದಿಲ್ಲ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವಿನ ಹಕ್ಕಿದೆ. ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೂ ಇದೆ. ಉಳಿದ ಗಂಡಸರಲ್ಲಿ ಹೆಚ್ಚಿನವರಿಗೆ ಆದಾಯದ ಮಿತಿ ಅನ್ವಯಿಸುತ್ತದೆ, ಅದು ಒಂದೊಂದು ರಾಜ್ಯದಲ್ಲಿ ಒಂದೊಂದು ಥರ. ಕೋರ್ಟಿನ ಆವರಣದಲ್ಲೇ ಇರುವ ಕಚೇರಿಯಲ್ಲಿ ಅರ್ಜಿ ಕೊಟ್ಟೆ. ಹೋಗಲು ಆಗದವರು 15100ಕ್ಕೆ ಫೋನ್ ಮಾಡಿ ಕೇಳಬಹುದು.

ಇಲ್ಲೂ ಎಲ್ಲ ಸಲೀಸಾಗಿರಲಿಲ್ಲ. ಮೊದಲು ಕೊಟ್ಟ ವಕೀಲರು ಫೋನ್ ಎತ್ತುತ್ತಿರಲಿಲ್ಲ. ಎರಡು ವಾಯಿದೆಗೂ ಬರಲಿಲ್ಲ. ಸುಮ್ನೆ ಕೂರಲಿಲ್ಲ ನಾನು. ಪ್ರಾಧಿಕಾರದ ಕಾರ್ಯದರ್ಶಿಗೆ ಒಂದು ಪುಟ ಬರೆದುಕೊಟ್ಟೆ, ಬೇರೆಯವರನ್ನು ಹಾಕಿಕೊಟ್ಟರು. ಉಚಿತವಾಗಿ ಸಿಕ್ಕಿದ್ದನ್ನು ಬದಲಾಯಿಸಿಕೊಡಿ ಅಂತ ಕೇಳಬಾರದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಕೇಳಬಹುದು, ಕೇಳಬೇಕು.

ಎರಡನೆಯವರು ನನಗಿಂತ ಸ್ವಲ್ಪ ಚಿಕ್ಕವರು. ಮೊದಲ ದಿನ ಪಡಸಾಲೆಯ ಬೆಂಚಿನ ಮೇಲೆ ಕೂತು, ಗಂಡನ ಅಫಿಡವಿಟ್‌ಗೆ ಲಗತ್ತಿಸಿದ್ದ ಬ್ಯಾಂಕ್ ಸ್ಟೇಟ್‌ಮೆಂಟನ್ನು ಪೆನ್ಸಿಲ್ ಹಿಡಿದು ಸಾಲುಸಾಲಾಗಿ ಓದಿದರು. ನಾನು ಪಕ್ಕದಲ್ಲಿ ಸುಮ್ಮನೆ ಕೂತಿದ್ದೆ. ಮುಕ್ಕಾಲು ಗಂಟೆ ಆಗಿರಬೇಕು. ಆಮೇಲೆ ತಲೆ ಎತ್ತಿ, "ಮೇಡಂ, ತಿಂಗಳ ಸಂಬಳದಲ್ಲಿ ಅರ್ಧ ಬಾಡಿಗೆಗೇ ಹೋಗುತ್ತದೆ ಅಂತ ಪ್ರಮಾಣ ಮಾಡಿ ಹೇಳಿದ್ದಾರೆ. ಹನ್ನೆರಡು ತಿಂಗಳಲ್ಲಿ ಬಾಡಿಗೆ ಕಟ್ಟಿದ ಒಂದೇ ಒಂದು ಎಂಟ್ರಿ ಇಲ್ಲ. ಅವರು ಇರುವುದು ಯಾರ ಮನೆಯಲ್ಲಿ?" ಅಂದರು. ಅತ್ತೆಯ ಸ್ವಂತ ಮನೆಯಲ್ಲಿ! ಆ ಕಾಗದ ಐದು ತಿಂಗಳಿಂದ ನಮ್ಮ ಫೈಲಿನಲ್ಲೇ ಇತ್ತು. ತರಿಸಿಕೊಂಡ ದೊಡ್ಡ ಆಫೀಸಿನಲ್ಲಿ ಯಾರೂ ಓದಿರಲಿಲ್ಲ. ಮಧ್ಯಂತರ ಜೀವನಾಂಶದ ವಾದ ನಿಂತಿದ್ದೇ ಆ ಪೆನ್ಸಿಲ್ ಗುರುತಿನ ಮೇಲೆ.

ಇನ್ನೊಂದು ವ್ಯತ್ಯಾಸ ನನಗೆ ಇದಕ್ಕಿಂತ ದೊಡ್ಡದು. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ, ಈ ಕೋರ್ಟಿನಲ್ಲಿ ವಕೀಲರ ಮೂಲಕವೇ ಮಾತಾಡುತ್ತೇನೆ ಅನ್ನುವುದು ನಮ್ಮ ಹಕ್ಕಲ್ಲ. ವಕೀಲರು ಇರುತ್ತಾರೆ ನಿಜ. ಆದರೂ ಜಡ್ಜ್ ನೇರವಾಗಿ ನಮ್ಮನ್ನೇ ಕೇಳಿಬಿಡಬಹುದು. ಅಪ್ಪನ ಪರಿಚಯದವರು "ನೀನು ಸುಮ್ಮನೆ ನಿಂತ್ಕೊಳ್ಳಮ್ಮ" ಅಂದಿದ್ದರು. ದೊಡ್ಡ ಆಫೀಸಿನವರು ಆ ವಿಷಯವನ್ನೇ ಎತ್ತಲಿಲ್ಲ. ಹಾಗಾಗಿ ಒಂದು ದಿನ ಜಡ್ಜ್ "ನಿಮಗೆ ಏನು ಬೇಕಮ್ಮ?" ಅಂತ ಕೇಳಿದಾಗ ಗಂಟಲು ಕಟ್ಟಿ, ಬರೀ ಅತ್ತು ಆಚೆ ಬಂದಿದ್ದೆ. ಇವರು ಮಾತ್ರ ಮನೆಗೆ ಕೆಲಸ ಕೊಟ್ಟು ಕಳಿಸಿದರು. ಮಗಳು ರಜೆಯಲ್ಲಿ ಎಲ್ಲಿರಬೇಕು, ಹುಷಾರು ತಪ್ಪಿದರೆ ಖರ್ಚು ಯಾರದು, ಕಾಲೇಜಿಗೆ ಸೇರುವಾಗ ಏನು ಮಾಡುವುದು, ಎಲ್ಲ ಬರೆದುಕೊಂಡು ಬನ್ನಿ ಅಂದರು. ಬರೆಯುತ್ತಾ ಹೋದಾಗ ನನಗೆ ಬೇಕಾಗಿದ್ದು ಗೆಲುವಲ್ಲ, ಇದೆಲ್ಲ ಒಂದು ಹದಕ್ಕೆ ಬರುವುದು ಅಂತ ಗೊತ್ತಾಯಿತು. ಜಡ್ಜ್ ಇನ್ನೊಮ್ಮೆ ಕೇಳಿದಾಗ ಹೇಳಲು ನನ್ನ ಹತ್ತಿರ ಮಾತಿತ್ತು.

ರಾಜಿಯ ವಿಷಯದಲ್ಲೂ ಮೂವರದು ಮೂರು ಥರ. ಅಪ್ಪನ ಪರಿಚಯದವರ ಪ್ರಕಾರ ರಾಜಿ ಅಂದರೆ ವಾಪಸ್ ಹೋಗಿ ಹೊಂದಿಕೊಳ್ಳುವುದು. ದೊಡ್ಡ ಆಫೀಸಿನವರಿಗೆ ರಾಜಿ ಅಂದರೆ ಸೋಲು. ಇವರು ಮೀಡಿಯೇಶನ್‌ಗೆ ಹೋಗೋಣ ಅಂದರು. ನಾಲ್ಕು ಸಲ ಕೂತ ಮೇಲೆ ಒಪ್ಪಂದ ಆಯಿತು, ಕೇಸು ಹಿಂದೂ ವಿವಾಹ ಕಾಯ್ದೆಯ 13ಬಿ ಅಡಿ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ತಿರುಗಿತು. ಅಲ್ಲಿ ಆರು ತಿಂಗಳು ಕಾಯುವ ನಿಯಮವಿದೆ. ಆದರೆ ದಂಪತಿ ಒಂದೂವರೆ ವರ್ಷಕ್ಕಿಂತ ಜಾಸ್ತಿ ಬೇರೆಯಾಗಿದ್ದು, ಜೀವನಾಂಶ ಮತ್ತು ಮಗುವಿನ ವಿಷಯ ಇತ್ಯರ್ಥವಾಗಿ, ಮತ್ತೆ ಒಂದಾಗುವ ದಾರಿ ಇಲ್ಲದಿದ್ದರೆ ಕೋರ್ಟು ಆ ಕಾಯುವಿಕೆಯನ್ನು ಬಿಡಬಹುದು ಅಂತ ಅಮರದೀಪ್ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ನಮ್ಮದು ಅದಕ್ಕೆ ಹೊಂದಿತು. ಡಿಕ್ರಿ, ಅಂದರೆ ವಿಚ್ಛೇದನದ ಅಂತಿಮ ಆದೇಶ, ಆಗುವವರೆಗೆ ಒಬ್ಬರು ಒಪ್ಪಿಗೆ ಹಿಂದಕ್ಕೆ ಪಡೆಯಬಹುದು ಅಂತಲೂ ಮೊದಲೇ ಎಚ್ಚರಿಸಿ, ಹಣ ಯಾವ ಹಂತದಲ್ಲಿ ಎಷ್ಟು ಬರಬೇಕು ಅಂತ ಒಪ್ಪಂದದಲ್ಲೇ ಬರೆಸಿದರು.

ವಕೀಲರನ್ನು ಬದಲಾಯಿಸುವ ಬಗ್ಗೆ

ದೊಡ್ಡ ಆಫೀಸು ಬಿಟ್ಟಾಗ, ಬಾಕಿ ಕೊಡುವವರೆಗೆ ಫೈಲು ಕೊಡುವುದಿಲ್ಲ ಅಂದರು. ಹೆದರಿ ಎರಡು ವಾರ ಅಲೆದೆ. ಫೀಸಿಗಾಗಿ ಕಕ್ಷಿದಾರರ ಕಾಗದ ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ ಅಂತ ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ ಅಂತ ಆಗ ಗೊತ್ತಿರಲಿಲ್ಲ. ಬಾಕಿ ಇದ್ದರೆ ಅದನ್ನು ಬೇರೆ ದಾರಿಯಲ್ಲಿ ವಸೂಲಿ ಮಾಡಬೇಕು. ಹಾಗೆಯೇ ಜೀವನಾಂಶದಲ್ಲಿ ಇಷ್ಟು ಪಾಲು ಕೊಡಿ ಅಂತ ಯಾರಾದರೂ ಕೇಳಿದರೆ ಎದ್ದು ಬನ್ನಿ. ಬಾರ್ ಕೌನ್ಸಿಲ್ ನಿಯಮದಲ್ಲಿ ಅದಕ್ಕೆ ಅವಕಾಶವಿಲ್ಲ. ವಕೀಲರ ಸೇವೆ ಸರಿ ಇಲ್ಲ ಅಂತ ಗ್ರಾಹಕ ನ್ಯಾಯಾಲಯಕ್ಕೂ ಹೋಗಲಾಗದು, 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ಬಾಗಿಲು ಮುಚ್ಚಿದೆ. ದುರ್ನಡತೆ ಇದ್ದರೆ ದೂರು ಕೊಡಬೇಕಾದ್ದು ರಾಜ್ಯ ಬಾರ್ ಕೌನ್ಸಿಲ್‌ಗೆ. ಇಷ್ಟೆಲ್ಲ ಇರುವಾಗ, ವಕಾಲತ್ತಿಗೆ ಸಹಿ ಹಾಕುವ ಮುಂಚೆಯೇ ಫೀಸು ಒಟ್ಟು ಮೊತ್ತವೋ ವಾಯಿದೆ ಲೆಕ್ಕವೋ, ಮುಂದೂಡಿದ ದಿನಕ್ಕೂ ಕೊಡಬೇಕೋ ಅಂತ ಬರೆಸಿಕೊಳ್ಳಿ. ಸಹಿ ಹಾಕಿದ ಪ್ರತಿ ಕಾಗದದ ನಕಲು ಅವತ್ತೇ ಮನೆಗೆ ತನ್ನಿ.

ಪ್ರತಿ ಕೇಸಿಗೂ ಹದಿನಾರು ಅಕ್ಷರ ಮತ್ತು ಅಂಕಿಯ ಒಂದು ಸಿಎನ್‌ಆರ್ ನಂಬರ್ ಇರುತ್ತದೆ. ಅದನ್ನು ಇ-ಕೋರ್ಟ್ಸ್ ಆ್ಯಪ್‌ಗೆ ಹಾಕಿದರೆ ಹಿಂದಿನ ವಾಯಿದೆಯಲ್ಲಿ ಏನಾಯಿತು, ಮುಂದಿನದು ಯಾವಾಗ ಅಂತ ನಾವೇ ನೋಡಬಹುದು. ಒಂದೂವರೆ ವರ್ಷ ಇಬ್ಬರ ಆಫೀಸಿಗೆ ಅಲೆದರೂ ಆ ನಂಬರ್ ಇದೆ ಅಂತ ಯಾರೂ ಹೇಳಿರಲಿಲ್ಲ. ವಾಯಿದೆ ಯಾವಾಗ ಸರ್ ಅಂತ ಫೋನ್ ಮಾಡುವುದೇ ನನ್ನ ಕೆಲಸವಾಗಿತ್ತು. ಆ ಬೆಂಚಿನ ಮೇಲೆ ಸ್ಟೇಟ್‌ಮೆಂಟ್ ಓದಿ ಮುಗಿಸಿದ ಮೇಲೆ ಇವರು ಅದೇ ಪೆನ್ಸಿಲ್‌ನಿಂದ ನನ್ನ ಫೈಲಿನ ಹಿಂಬದಿಗೆ ಆ ಹದಿನಾರನ್ನೂ ಬರೆದುಕೊಟ್ಟರು. "ಇನ್ನು ಮೇಲೆ ನೀವೇ ನೋಡ್ಕೊಳ್ಳಿ, ನಾನು ಮರೆತರೆ ನೀವೇ ನನಗೆ ನೆನಪಿಸಿ" ಅಂದರು.