ರೆಗ್ಯುಲೇಟರ್ ಹೋಸ್‌ಗೆ ಪ್ರೊಟೆಕ್ಟರ್ ಬೇಕೇ? ಗೋವಾದಲ್ಲಿ ಎರಡು ಋತುಗಳ ಹೋಲಿಕೆ

ಮೂರು ವರ್ಷಗಳ ಹಿಂದಿನ ಮೇ ತಿಂಗಳ ಕೊನೆಯ ವಾರ. ಮಳೆಗಾಲಕ್ಕೆ ಡೈವಿಂಗ್ ನಿಲ್ಲುವ ಮುನ್ನ, ವಾಸ್ಕೋದಲ್ಲಿ ನಾನು ಕೆಲಸ ಮಾಡುವ ಡೈವಿಂಗ್ ಅಂಗಡಿಯ ರೆಗ್ಯುಲೇಟರ್‌ಗಳನ್ನೆಲ್ಲ (ಸಿಲಿಂಡರ್‌ನ ಗಾಳಿಯನ್ನು ಹೋಸ್ ಎಂಬ ಕೊಳವೆಗಳ ಮೂಲಕ ಡೈವರ್‌ಗೆ ತಲುಪಿಸುವ ಸಾಧನ) ಸಿಹಿನೀರಿನ ತೊಟ್ಟಿಯಲ್ಲಿ ತೊಳೆದು ಒಳಗಿಡುವ ಕೆಲಸ ನಡೆದಿತ್ತು. ಜೊತೆಗಿದ್ದ ಬಾಗಲಕೋಟೆಯ ಹುಡುಗ ಒಂದು ಹೋಸ್‌ನ ಬುಡದಲ್ಲಿದ್ದ ರಬ್ಬರ್ ಪ್ರೊಟೆಕ್ಟರನ್ನು ಹಿಂದಕ್ಕೆ ಎಳೆದು, "ಅಣ್ಣಾರ, ಇದರ ಒಳಗ ಹಸರ ಹಿಡದೈತಿ ನೋಡ್ರಿ" ಎಂದು ನನ್ನ ಮುಂದೆ ಹಿಡಿದ. ಒಳಗೆ ನುಣ್ಣನೆಯ ಕಪ್ಪು ಕೆಸರು ಇನ್ನೂ ಹಸಿಯಾಗಿತ್ತು; ಹೋಸನ್ನು ಬಿಗಿಹಿಡಿದಿರುವ ಹಿತ್ತಾಳೆಯ ಬಳೆಯ ಮೇಲೆ ಕ್ರೋಮ್ ಲೇಪ ಹುಣ್ಣಿನ ಹೊಪ್ಪಳೆಯಂತೆ ಎದ್ದು, ಅದರ ಅಂಚಿನಲ್ಲೆಲ್ಲ ಕಿಲುಬು ಕಟ್ಟಿತ್ತು. ಹೆಬ್ಬೆರಳಿನಿಂದ ಹೋಸನ್ನು ಸ್ವಲ್ಪ ಬಾಗಿಸಿದಾಗ, ಬಳೆಯಿಂದ ಅರ್ಧ ಬೆರಳಿನಷ್ಟು ಈಚೆಗೆ ಕೂದಲೆಳೆಯಂಥ ಮೂರು ಬಿರುಕುಗಳು ಬಾಯಿ ತೆರೆದವು. ಆ ಸೆಟ್ಟನ್ನು ಇಡೀ ಋತುವಿನಲ್ಲಿ ಪ್ರತಿದಿನ ಹೊರಗಿನಿಂದ ನೋಡಿ, ಸರಿಯಿದೆಯೆಂದು ಪ್ರವಾಸಿಗರಿಗೆ ಕೊಟ್ಟವನು ನಾನೇ. ಹೋಸನ್ನು ಕಾಪಾಡಲೆಂದು ಹಾಕಿದ ವಸ್ತುವೇ ಅದರ ದೋಷವನ್ನು ನನ್ನ ಕಣ್ಣಿನಿಂದ ಮರೆಮಾಡಿತ್ತು ಎಂಬುದು ನನ್ನನ್ನು ಬಹಳ ಕಾಡಿತು. ಮುಂದಿನ ಎರಡು ಋತುಗಳಲ್ಲಿ ನಾನು ಮಾಡಿದ ಹೋಲಿಕೆ ಅಲ್ಲಿಂದಲೇ ಶುರುವಾಯಿತು.

ಪ್ರೊಟೆಕ್ಟರ್‌ನ ಉದ್ದೇಶವೇನೋ ಸರಿಯಾದದ್ದೇ. ಹೋಸ್ ಎಂದರೆ ಒಳಗೊಂದು ಕೊಳವೆ, ಅದರ ಸುತ್ತ ಬಲಕ್ಕಾಗಿ ನೂಲಿನ ಹೆಣಿಗೆ, ಮೇಲೊಂದು ರಬ್ಬರ್ ಹೊದಿಕೆ. ಬಾಗುವ ಈ ಕೊಳವೆ ಬಾಗದ ಲೋಹವನ್ನು ಸೇರುವ ಜಾಗದಲ್ಲೇ ಎಲ್ಲ ಎಳೆತವೂ ಬಂದು ಕೂಡುತ್ತದೆ. ಮೊಬೈಲ್ ಚಾರ್ಜರ್‌ನ ವೈರು ಪಿನ್ನಿನ ಬುಡದಲ್ಲೇ ಹರಿಯುವುದಕ್ಕೂ ಇದೇ ಕಾರಣ. ಆ ಬುಡಕ್ಕೆ ಒಂದು ಗಟ್ಟಿ ತೋಳು ತೊಡಿಸಿದರೆ ಬಾಗು ಒಂದೇ ಬಿಂದುವಿನಲ್ಲಿ ಮುರಿಯದೆ ಸ್ವಲ್ಪ ಉದ್ದಕ್ಕೆ ಹರಡಿಕೊಳ್ಳಬೇಕು ಎಂಬುದು ಇದರ ಲೆಕ್ಕ.

ಯಾವ ಹೋಸ್ ಹೋದರೆ ಏನಾಗುತ್ತದೆ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು, ಏಕೆಂದರೆ ಹಲವರ ಊಹೆ ಇದಕ್ಕೆ ವಿರುದ್ಧವಾಗಿರುತ್ತದೆ. ತುಂಬಿದ ಸಿಲಿಂಡರ್‌ನಲ್ಲಿ ಸುಮಾರು 200 ಬಾರ್ ಒತ್ತಡವಿರುತ್ತದೆ, ಮತ್ತು ಅದು ಇದ್ದಂತೆಯೇ, ಉಳಿದ ಗಾಳಿಯನ್ನು ತೋರಿಸುವ ಗೇಜ್‌ನ ಹೋಸ್‌ಗೆ ಬರುತ್ತದೆ. ಉಸಿರಾಟದ ಎರಡು ಹೋಸ್‌ಗಳಿಗೂ ಬಿಸಿಡಿಗೆ (ತೇಲುವಿಕೆಯನ್ನು ಹಿಡಿತದಲ್ಲಿಡುವ ಜಾಕೆಟ್) ಗಾಳಿ ತುಂಬುವ ಹೋಸ್‌ಗೂ ಸಿಲಿಂಡರ್‌ನ ಬಾಯಿಗೆ ಕೂರುವ ಫಸ್ಟ್ ಸ್ಟೇಜ್ ಅದನ್ನು ಸುತ್ತಲಿನ ಒತ್ತಡಕ್ಕಿಂತ 9-10 ಬಾರ್ ಮಾತ್ರ ಹೆಚ್ಚಿರುವಂತೆ ಇಳಿಸಿ ಕೊಡುತ್ತದೆ. ಹಾಗಾಗಿ ಗೇಜ್‌ನ ಹೋಸ್ ಒಡೆಯುವುದೇ ಹೆಚ್ಚು ಅಪಾಯವೆಂದು ತೋರಬಹುದು. ಆದರೆ ಆ ಹೋಸ್‌ಗೆ ಗಾಳಿ ಹೋಗುವ ರಂಧ್ರ ಸೂಜಿಮೊನೆಯಷ್ಟು ಸಣ್ಣದು. ಅದು ಒಡೆದರೆ ಸದ್ದು ಜೋರಾಗಿದ್ದರೂ ಗಾಳಿ ಖಾಲಿಯಾಗಲು ಹೊತ್ತು ಹಿಡಿಯುತ್ತದೆ. ಕಡಿಮೆ ಒತ್ತಡದ ಹೋಸ್‌ನ ದಾರಿ ಅಗಲವಾದದ್ದರಿಂದ ಅದು ಹರಿದರೆ ಸಿಲಿಂಡರ್ ಕೆಲವೇ ನಿಮಿಷಗಳಲ್ಲಿ ಬರಿದಾಗಬಹುದು. ಬಿರುಕು ಬಿಟ್ಟಿದ್ದ ನಮ್ಮ ಹೋಸ್ ಈ ಎರಡನೆಯ ಬಗೆಯದು.

ಹೋಲಿಕೆಗೆ ನಾನು ಒಂದೇ ಮಾದರಿಯ ನಾಲ್ಕು ಬಾಡಿಗೆ ಸೆಟ್‌ಗಳನ್ನು ಆರಿಸಿ, ಎಲ್ಲಕ್ಕೂ ಹೊಸ ಹೋಸ್‌ಗಳನ್ನು ಹಾಕಿಸಿದೆ. ಒಂದಕ್ಕೆ ಎಲ್ಲ ತುದಿಗಳಲ್ಲೂ ರಬ್ಬರ್ ಪ್ರೊಟೆಕ್ಟರ್, ಇನ್ನೊಂದಕ್ಕೆ ಸುರುಳಿಯಂತೆ ಸುತ್ತುವ ಗಟ್ಟಿ ಪ್ಲಾಸ್ಟಿಕ್‌ನದು, ಮೂರನೆಯದು ಬರಿಯ ರಬ್ಬರ್ ಹೋಸ್, ನಾಲ್ಕನೆಯದಕ್ಕೆ ಹೊರಗೆ ನೂಲಿನ ನೇಯ್ಗೆಯಿರುವ ಮೆತ್ತನೆಯ ಹೋಸ್. ನಾಲ್ಕೂ ಅಕ್ಟೋಬರ್‌ನಿಂದ ಮೇವರೆಗೆ ಹೆಚ್ಚಾಗಿ ಗ್ರಾಂಡೆ ದ್ವೀಪದ ಸುತ್ತ, ಕೆಲವೊಮ್ಮೆ ಮುರ್ಡೇಶ್ವರದಾಚೆಯ ನೇತ್ರಾಣಿಯಲ್ಲಿ ನೀರಿಗಿಳಿದವು. ಗ್ರಾಂಡೆಯ ನೀರು ಈ ಪರೀಕ್ಷೆಗೆ ಹೇಳಿ ಮಾಡಿಸಿದಂಥದು: ಜುವಾರಿ ನದಿ ಹತ್ತಿರದಲ್ಲೇ ಕಡಲು ಸೇರುವುದರಿಂದ ನುಣ್ಣನೆಯ ಕೆಸರು ಎಲ್ಲ ಸಂದುಗಳಿಗೂ ನುಗ್ಗುತ್ತದೆ.

ರಬ್ಬರ್ ಪ್ರೊಟೆಕ್ಟರ್ ಬಾಗನ್ನು ನಿಜವಾಗಿಯೂ ಹಂಚುತ್ತದೆ. ಗೇಜ್‌ನ ಹೋಸ್‌ನಲ್ಲಿ ಇದು ಕಣ್ಣಿಗೇ ಕಾಣುತ್ತಿತ್ತು: ಆ ಹೋಸ್ ಬಿರುಸಾದದ್ದು, ತುದಿಗೆ ಗೇಜ್‌ನ ಭಾರ ಬೇರೆ. ದೋಣಿಯಲ್ಲಿ ಸಿಲಿಂಡರನ್ನು ಮಲಗಿಸಿದಾಗ ಬರಿಯ ಹೋಸ್ ಬುಡದಲ್ಲಿ ಚೂಪಾಗಿ ಮಡಚಿಕೊಂಡರೆ, ಪ್ರೊಟೆಕ್ಟರ್ ಇದ್ದದ್ದು ಬಿಲ್ಲಿನಂತೆ ಬಾಗಿ ನಿಲ್ಲುತ್ತಿತ್ತು. ಅದರ ಕೇಡು ತೊಳೆಯುವಾಗ ಗೊತ್ತಾಗುತ್ತದೆ. ತೊಟ್ಟಿಯಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟ ಮೇಲೂ ಒಳಗಿನ ಹನಿಯನ್ನು ನಾಲಿಗೆಗೆ ತಾಗಿಸಿದರೆ ಉಪ್ಪು. ಎಂದರೆ ಸಿಹಿನೀರು ಒಳಗೆ ಹೋಗಿರಲೇ ಇಲ್ಲ. ಪ್ರೊಟೆಕ್ಟರನ್ನು ನಾಲ್ಕು ಬೆರಳಿನಷ್ಟು ಹಿಂದಕ್ಕೆ ಸರಿಸಿ ತೊಳೆದ ದಿನ ಮಾತ್ರ ಬಳೆ ಶುಭ್ರವಾಗುತ್ತಿತ್ತು. ಮೊದಲ ಋತುವಿನಲ್ಲಿ ಬೇಕೆಂದೇ ಎರಡು ತುದಿಗಳನ್ನು ಸರಿಸದೆ ಬಿಟ್ಟಿದ್ದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋವಾದ ಆ ತೇವದಲ್ಲಿ ಸೆಟ್ ಗೂಡಿನೊಳಗೆ ಕುಳಿತು ಹೊರಬಂದಾಗ ಆ ಎರಡೂ ಬಳೆಗಳ ಮೇಲೆ ಕಿಲುಬು ಶುರುವಾಗಿತ್ತು. ಸರಿಸಿ ತೊಳೆದ ತುದಿಗಳಲ್ಲಿ ಅದು ಇರಲಿಲ್ಲ. ಆ ಎರಡನ್ನು ಬಾಡಿಗೆಗೆ ಕೊಡದೆ ತೆಗೆದಿಟ್ಟೆ.

ಸುರುಳಿ ಪ್ಲಾಸ್ಟಿಕ್‌ನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೋಸ್ ಬಿಚ್ಚದೆಯೇ ಸುತ್ತಬಹುದು, ಸಂದಿನಿಂದ ನೀರು ಹೊರಹೋಗುತ್ತದೆ, ಇವೆರಡು ಅನುಕೂಲಗಳು ಹೌದು. ಆದರೆ ಅದು ಬಾಗನ್ನು ಹಂಚದೆ ಬಳೆಯ ಬುಡದಿಂದ ತನ್ನ ಕೊನೆಗೆ ಸಾಗಿಸುತ್ತದೆ, ಅಷ್ಟೇ. ಎರಡನೆಯ ಋತುವಿನ ಮಧ್ಯದಲ್ಲಿ ಬಿಸಿಡಿಯ ಹೋಸ್ ಮೇಲೆ ಪ್ಲಾಸ್ಟಿಕ್‌ನ ಅಂಚು ತಾಗುವ ಕಡೆ ಒಂದು ಗೀರು ಬಿತ್ತು. ಉಗುರಿಗೆ ಸಿಗುವಷ್ಟು ಆಳವಾದ ದಿನವೇ ಎಲ್ಲವನ್ನೂ ತೆಗೆದೆ.

ನನ್ನ ನಿರೀಕ್ಷೆಯನ್ನು ತಲೆಕೆಳಗು ಮಾಡಿದ್ದು ಬರಿಯ ಹೋಸ್‌ನ ಸೆಟ್. ಉಸಿರಾಟದ ಹೋಸ್‌ಗಳಲ್ಲಿ ಎರಡು ಋತುಗಳ ಬಳಿಕವೂ ಬುಡದಲ್ಲಿ ಬಿರುಕಿಲ್ಲ, ಕಿಲುಬಿಲ್ಲ. ಬಾಯಲ್ಲಿ ಹಿಡಿದು ಉಸಿರಾಡುವ ಹಗುರವಾದ ಸೆಕೆಂಡ್ ಸ್ಟೇಜ್ ನೀರಿನೊಳಗೆ ಹೋಸನ್ನು ಅಷ್ಟೇನೂ ಎಳೆಯುವುದಿಲ್ಲ ಎಂಬುದು ನನಗೆ ಆಗ ಅರ್ಥವಾಯಿತು. ಹೋಸ್‌ಗೆ ಪೆಟ್ಟು ಬೀಳುವುದು ನೆಲದ ಮೇಲೆ: ಫಸ್ಟ್ ಸ್ಟೇಜನ್ನು ಮೊಳೆಗೆ ತೂಗುಹಾಕಿ ನಾಲ್ಕೂ ಹೋಸ್‌ಗಳನ್ನು ಕೆಳಗೆ ಜೋತುಬಿಟ್ಟಾಗ, ಚೀಲದಲ್ಲಿ ಬಿಗಿಯಾಗಿ ಸುತ್ತಿ ತುರುಕಿದಾಗ, ದೋಣಿಯಲ್ಲಿ ಯಾರೋ ಸಿಲಿಂಡರನ್ನು ಹೋಸ್ ಎಳೆದು ಎತ್ತಿದಾಗ. ಈ ಸೆಟ್‌ನಲ್ಲಿಯೂ ಗೇಜ್‌ನ ಹೋಸ್ ಮಾತ್ರ ಬುಡದಲ್ಲಿ ಬಿಳಿಚಿ, ಬಾಗಿದಲ್ಲಿ ನಿರಿಗೆ ಮೂಡಿತ್ತು. ಗೇಜ್ ಕಡೆಯ ತುದಿಯಲ್ಲಿ ಸಣ್ಣ ಗುಳ್ಳೆಗಳೂ ಬಂದವು, ಆದರೆ ಅದು ಹೋಸ್‌ನ ದೋಷವಲ್ಲ. ಗೇಜ್ ತಿರುಗಲೆಂದು ಒಳಗಿರುವ ಸ್ಪೂಲ್ ಎಂಬ ಪುಟ್ಟ ಕೊಳವೆಯ ಓ-ರಿಂಗ್ (ಗಾಳಿ ಸೋರದಂತೆ ತಡೆಯುವ ರಬ್ಬರ್ ಉಂಗುರ) ಸವೆದಿತ್ತು. ಯಾವ ಪ್ರೊಟೆಕ್ಟರ್ ಕೂಡ ಅದನ್ನು ತಡೆಯಲಾರದು.

ನೇಯ್ಗೆಯ ಹೋಸ್ ಕೈಗೆ ಹಿತ, ತೂಕದಲ್ಲಿ ಹಗುರ, ಗಂಟು ಹಾಕಿದರೂ ಮುನಿಸಿಕೊಳ್ಳದಷ್ಟು ಮೆತ್ತಗಿರುತ್ತದೆ. ಅದಕ್ಕೆ ಪ್ರೊಟೆಕ್ಟರ್ ಬೇಕಿಲ್ಲವೆಂದು ಮಾರುವವರು ಹೇಳುವುದು ಬಾಗುವಿಕೆಯ ಮಟ್ಟಿಗೆ ನಿಜ. ಆದರೆ ಇಲ್ಲಿ ಮರೆಯ ಸಮಸ್ಯೆ ಬೇರೊಂದು ರೂಪದಲ್ಲಿದೆ. ರಬ್ಬರ್ ಹೊದಿಕೆ ಹಳತಾದರೆ ಬಿರಿದು ತೋರಿಸುತ್ತದೆ, ನೇಯ್ಗೆ ಏನನ್ನೂ ತೋರಿಸುವುದಿಲ್ಲ. ಪಾಲಿಯೂರಿಥೇನ್ ಒಳಗೊಳವೆಯ ಕೆಲವು ನೇಯ್ಗೆ ಹೋಸ್‌ಗಳಲ್ಲಿ ಶಾಖ ಮತ್ತು ತೇವದಿಂದ ಒಳಪದರವೇ ಹರಳುಗಟ್ಟಿ ಗಾಳಿಯ ದಾರಿಯನ್ನು ಕಟ್ಟಿದ ಪ್ರಕರಣಗಳನ್ನು ಡೈವಿಂಗ್ ಸುರಕ್ಷತೆಯ ಸಂಸ್ಥೆಯಾದ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ವರದಿ ಮಾಡಿದೆ. ಶಾಖ ಮತ್ತು ತೇವ ಎರಡೂ ನಮ್ಮ ಕರಾವಳಿಯಲ್ಲಿ ಧಾರಾಳವಾಗಿವೆ. ನನ್ನ ಸೆಟ್‌ನಲ್ಲಿ ಅಂಥದ್ದೇನೂ ಕಾಣಲಿಲ್ಲವಾದರೂ, ಬಾಡಿಗೆ ಸಾಮಾನಿಗೆ ಇದನ್ನು ಹಾಕಲು ನನಗೆ ಮನಸ್ಸು ಬರುವುದಿಲ್ಲ. ಸ್ವಂತಕ್ಕೆ ಇಟ್ಟುಕೊಂಡು, ತಯಾರಾದ ತಿಂಗಳನ್ನು ಬರೆದಿಟ್ಟು, ಅವಧಿ ಮುಗಿದಾಗ ಬದಲಿಸುವವರಿಗೆ ಅಡ್ಡಿಯಿಲ್ಲ.

ಈಗ ನಮ್ಮ ಅಂಗಡಿಯಲ್ಲಿ ಫಸ್ಟ್ ಸ್ಟೇಜ್‌ನ ಕಡೆ ಗೇಜ್‌ನ ಹೋಸ್‌ಗೆ ಮಾತ್ರ ರಬ್ಬರ್ ಪ್ರೊಟೆಕ್ಟರ್ ಇದೆ. ಅದನ್ನು ಬಳೆಯ ಮೇಲೆ ಪೂರ್ತಿ ಕೂರಿಸದೆ, ಸಾಬೂನು ನೀರು ಹಚ್ಚಿ ಸಡಿಲವಾಗಿ ಜಾರುವಂತೆ ಹಾಕಿದ್ದೇವೆ. ಪ್ರತಿ ಸಂಜೆ ತೊಟ್ಟಿಗೆ ಇಳಿಸುವ ಮೊದಲು ಹಿಂದಕ್ಕೆ ಸರಿಸಿ, ಒಣಗಿದ ಮೇಲೆ ಮರುದಿನ ಬೆಳಿಗ್ಗೆ ಮುಂದಕ್ಕೆ ತಳ್ಳುತ್ತೇವೆ. ಉಸಿರಾಟದ ಹೋಸ್‌ಗಳು, ಬಿಸಿಡಿಯ ಹೋಸ್ ಎಲ್ಲವೂ ಬರಿಯವು. ಮೊಳೆಗಳನ್ನು ಕಿತ್ತು, ಹೋಸ್‌ಗಳು ಅಗಲವಾಗಿ ಸುತ್ತಿಕೊಂಡು ಕೂರುವಂತೆ ಮರದ ಹಲಗೆಗಳನ್ನು ಹಾಕಿಸಿದೆವು. ಬುಡಗಳು ಈಗ ನೆಟ್ಟಗಿರುವುದಕ್ಕೆ ಪ್ರೊಟೆಕ್ಟರ್‌ಗಿಂತ ಈ ಹಲಗೆಗಳೇ ಹೆಚ್ಚು ಕಾರಣವೆಂದು ನನ್ನ ನಂಬಿಕೆ.

ಬಾಡಿಗೆ ಸೆಟ್ ಪಡೆಯುವವರು ದೋಣಿ ಹತ್ತುವ ಮೊದಲು ಇಷ್ಟು ಮಾಡಿ: ಪ್ರೊಟೆಕ್ಟರ್ ಇದ್ದರೆ ಪ್ರತಿಯೊಂದನ್ನೂ ಹಿಂದಕ್ಕೆ ಎಳೆಯಿರಿ, ಬುಡವನ್ನು ಬೆರಳಿನಿಂದ ಬಾಗಿಸಿ ಬೆಳಕಿಗೆ ಹಿಡಿಯಿರಿ, ಗಾಳಿ ತೆರೆದು ಹೋಸ್‌ನ ಮೈಮೇಲೆ ಎಲ್ಲಾದರೂ ಉಬ್ಬು ಎದ್ದಿದೆಯೇ ಎಂದು ಕೈಯಾಡಿಸಿ. ಪ್ರೊಟೆಕ್ಟರ್ ಎಳೆದರೂ ಕದಲದಷ್ಟು ಉಪ್ಪು ಹಿಡಿದು ಕೂತಿದ್ದರೆ, ಬೇರೆ ಸೆಟ್ ಕೊಡಿ ಎಂದು ಕೇಳಲು ಸಂಕೋಚಪಡಬೇಡಿ.